ಶೇಂಗಾ ಹಿಂಡಿ ಪ್ಯಾಕೆಟ್ಟಿನ ಹಿಂಬದಿಗೆ ಏನು ಬರೀಬೇಕು

ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆಯ ಕಿರಾಣಿ ಅಂಗಡಿಗಳಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ), ಗುರೆಳ್ಳು ಪುಡಿಯ ಪ್ಯಾಕೆಟ್ಟುಗಳಿಗೆ ಬರವಿಲ್ಲ. ಮಹಿಳಾ ಸಂಘಗಳು ಮಾಡಿದ್ದಾದರೆ ರುಚಿಯ ಬಗ್ಗೆ ಮಾತೇ ಬೇಡ. ತಕರಾರು ಇರುವುದು ಲೇಬಲ್ಲಿನಲ್ಲಿ. ಮುಂದೆ ದೇವರ ಚಿತ್ರ, 'ಶುದ್ಧ, ರುಚಿಕರ' ಎಂಬ ದಪ್ಪಕ್ಷರ. ಹಿಂದೆ ಒಂದು ಫೋನ್ ನಂಬರ್. ಆಹಾರ ಸುರಕ್ಷತಾಧಿಕಾರಿ ಸ್ಯಾಂಪಲ್ ಒಯ್ದರೆ ಹಿಂಡಿ ಪಾಸಾಗಿ ಲೇಬಲ್ ಫೇಲಾಗುತ್ತದೆ. ಕಾನೂನಿನ ಮಾತಿನಲ್ಲಿ ಇದು 'ಮಿಸ್‌ಬ್ರ್ಯಾಂಡೆಡ್'. 2006ರ ಆಹಾರ ಸುರಕ್ಷತಾ ಕಾಯ್ದೆಯ 52ನೇ ಕಲಮಿನ ಪ್ರಕಾರ ದಂಡ 3 ಲಕ್ಷ ರೂಪಾಯಿವರೆಗೆ ಹೋಗಬಹುದು. ಪ್ರಕರಣ ಹೋಗುವುದು ಕೋರ್ಟಿಗಲ್ಲ, ಅಪರ ಜಿಲ್ಲಾಧಿಕಾರಿ ಮಟ್ಟದ ನ್ಯಾಯನಿರ್ಣಯಾಧಿಕಾರಿಯ ಮುಂದೆ.

ಮೊದಲ ಎಡವಟ್ಟು ಭಾಷೆಯದು. 2020ರ ಲೇಬಲಿಂಗ್ ಮತ್ತು ಪ್ರದರ್ಶನ ನಿಯಮಾವಳಿ ಕೇಳುವ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿ ಲಿಪಿಯ ಹಿಂದಿಯಲ್ಲೋ ಇರಲೇಬೇಕು. ಕನ್ನಡವನ್ನು ಜೊತೆಗೆ ಹಾಕಬಹುದು, ಕನ್ನಡವೊಂದೇ ಇದ್ದರೆ ನಡೆಯುವುದಿಲ್ಲ. ಮಾಡುವವರು, ಮಾರುವವರು, ತಿನ್ನುವವರು ಎಲ್ಲರೂ ಕನ್ನಡ ಓದುವ ಜಿಲ್ಲೆಯಲ್ಲಿ ಇದು ಸರಿಯಾದ ನಿಯಮ ಅಂತ ನನಗೇನೂ ಅನ್ನಿಸುವುದಿಲ್ಲ. ಆದರೆ ಸದ್ಯಕ್ಕೆ ಇರುವುದು ಇದೇ. ಎರಡೂ ಭಾಷೆಯಲ್ಲಿ ಹಾಕಿಸಿ, ಒಂದರಲ್ಲಿ ಇದ್ದದ್ದು ಇನ್ನೊಂದಕ್ಕೆ ತಾಳೆಯಾಗದಂತೆ ಆಗಬಾರದು.

ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲಿ ಬರೀಬೇಕು. ಯಾವ ತೂಕ? ತಯಾರಿಸುವಾಗ ಹಾಕಿದ ತೂಕ. ಹಾಗಾಗಿ ಪಟ್ಟಿ ಹುಟ್ಟುವುದು ಪ್ರಿಂಟಿಂಗ್ ಪ್ರೆಸ್ಸಿನಲ್ಲಲ್ಲ, ಒಲೆ ಹಚ್ಚುವ ಮುಂಚೆ ತಕ್ಕಡಿಯ ಮೇಲೆ. ಕಣ್ಣಳತೆಯಲ್ಲಿ ಹಿಡಿ ಉಪ್ಪು, ಮುಷ್ಟಿ ಬೆಳ್ಳುಳ್ಳಿ ಹಾಕುವವರು ಲೇಬಲ್ ಬರೆಯಲಾರರು. ಪ್ರತಿ ಬ್ಯಾಚಿಗೂ ಅಳತೆ ಒಂದೇ ಇರಬೇಕು. ಕಡಕ್ ರೊಟ್ಟಿಯ ಹಿಟ್ಟಿಗೆ ಹಾಕಿದ ನೀರು ಸುಡುವಾಗ ಆರಿಹೋಗುವುದರಿಂದ ಪಟ್ಟಿಗೆ ಸೇರಿಸಬೇಕಿಲ್ಲ. ಕರಿದ ತಿಂಡಿಗೆ ಬರೀ 'ಖಾದ್ಯ ತೈಲ' ಅಂದರೆ ಸಾಲದು, ಪಾಮೋಲಿನ್ನೋ ಸೂರ್ಯಕಾಂತಿಯೋ ಹೆಸರು ಹೇಳಬೇಕು.

ಎಲ್ಲಕ್ಕಿಂತ ಹೆಚ್ಚು ಜನ ಜಾರುವುದು ಇಂಗಿನ ಮೇಲೆ. ಅಂಗಡಿಯ ಪುಡಿ ಇಂಗು ಬರೀ ಇಂಗಲ್ಲ. ಗೋಂದು, ಜೊತೆಗೆ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆಸಿದ ಮಿಶ್ರಣ. ಹಲವು ಪದಾರ್ಥ ಸೇರಿದ ಇಂಥ ಸಾಮಗ್ರಿ ಒಟ್ಟು ತೂಕದ ಶೇ. 5ಕ್ಕಿಂತ ಕಡಿಮೆ ಇದ್ದರೆ ಅದರೊಳಗಿನದ್ದನ್ನು ಬಿಡಿಸಿ ಬರೆಯುವುದು ಬೇಡ. ಆದರೆ ಅಲರ್ಜಿಯ ವಿಷಯದಲ್ಲಿ ಆ ರಿಯಾಯಿತಿಯನ್ನು ನಂಬಿ ಕೂರಬೇಡಿ. ಗೋಧಿ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿಯಂಥವು, ಶೇಂಗಾ, ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ, ಕಿಲೋಗೆ 10 ಮಿಗ್ರಾಂ ಅಥವಾ ಹೆಚ್ಚಿನ ಸಲ್ಫೈಟ್ (ಕೆಡದಂತೆ ಹಾಕುವ ರಾಸಾಯನಿಕ): ಇವು ಇದ್ದರೆ 'ಕಂಟೇನ್ಸ್' ಎಂಬ ಪದದೊಂದಿಗೆ ಬೇರೆ ಸಾಲಿನಲ್ಲಿ ಹೇಳಬೇಕು. ಪ್ಯಾಕೆಟ್ಟಿನ ಹೆಸರೇ ಶೇಂಗಾ ಹಿಂಡಿ, ಮತ್ತೆ 'ಶೇಂಗಾ ಇದೆ' ಅಂತ ಬರೀಬೇಕೇ ಎಂದು ನಗಬೇಡಿ. ಬರೀರಿ, ಒಂದು ಸಾಲಿನ ಕೆಲಸ.

ಜೋಳದ ರೊಟ್ಟಿಗೆ 'ಗ್ಲುಟನ್ ಫ್ರೀ' ಅಂತ ಹಾಕುವ ಚಟ ಈಚೆಗೆ ಹೆಚ್ಚಿದೆ. ಗ್ಲುಟನ್ ಅಂದರೆ ಗೋಧಿಯಂಥ ಕಾಳಿನಲ್ಲಿರುವ ಅಂಟು ಪ್ರೋಟೀನ್. ಜೋಳದಲ್ಲಿ ಅದು ಇಲ್ಲ, ನಿಜ. ಆದರೆ ಊರ ಗಿರಣಿಯಲ್ಲಿ ನಿಮ್ಮ ಜೋಳಕ್ಕಿಂತ ಮುಂಚೆ ಯಾರದ್ದೋ ಗೋಧಿ ಬಿದ್ದಿರುತ್ತದೆ. ಕಲ್ಲಿನ ಸಂದಿಯಲ್ಲಿ, ಚೀಲದ ಬಾಯಲ್ಲಿ ಉಳಿದ ಹಿಟ್ಟು ನಿಮ್ಮದಕ್ಕೆ ಸೇರುತ್ತದೆ. 'ಗ್ಲುಟನ್ ಫ್ರೀ' ಎನ್ನಲು ಕಿಲೋಗೆ 20 ಮಿಗ್ರಾಂ ಮೀರುವಂತಿಲ್ಲ. ಅಂದರೆ ಕಿಲೋ ಹಿಟ್ಟಿಗೆ ಒಂದು ಚಿಟಿಕೆ ಗೋಧಿ ಹಿಟ್ಟು ಬಿದ್ದರೂ ಕೆಟ್ಟಿತು. ಬೇರೆ ಗಿರಣಿ, ಜೊತೆಗೆ ಲ್ಯಾಬ್ ವರದಿ ಇಲ್ಲದಿದ್ದರೆ ಆ ಪದ ತೆಗೆದು 'ಮೇ ಕಂಟೇನ್ ವೀಟ್' ಎಂದು ಹಾಕುವುದು ಕ್ಷೇಮ. ಬೆಲ್ಲದ ಚಿಕ್ಕಿಗೆ 'ಶುಗರ್ ಫ್ರೀ' ಅನ್ನುವುದೂ ಇದೇ ಜಾತಿಯ ತಪ್ಪು. ಆ ಪದಕ್ಕೆ 100 ಗ್ರಾಮಿನಲ್ಲಿ ಸಕ್ಕರೆ ಅಂಶ 0.5 ಗ್ರಾಂ ದಾಟಬಾರದು. ಬೆಲ್ಲದ ಬಹುಪಾಲು ಸಕ್ಕರೆಯೇ.

ಇನ್ನು ಪೋಷಕಾಂಶದ ಪಟ್ಟಿ. ಬೇಕಾದದ್ದು 100 ಗ್ರಾಮಿಗೆ ಶಕ್ತಿ, ಪ್ರೋಟೀನ್, ಕಾರ್ಬೋಹೈಡ್ರೇಟ್, ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ, ಒಟ್ಟು ಕೊಬ್ಬು, ಸ್ಯಾಚುರೇಟೆಡ್ ಕೊಬ್ಬು, ಟ್ರಾನ್ಸ್ ಕೊಬ್ಬು, ಕೊಲೆಸ್ಟರಾಲ್, ಸೋಡಿಯಂ. ಜೊತೆಗೆ ಒಂದು ಸರ್ವಿಂಗ್ ದಿನದ ಅಗತ್ಯದ ಶೇಕಡಾ ಎಷ್ಟು ಎಂಬುದು. ಇದಕ್ಕೆ ಆಧಾರ: 2000 ಕಿಲೋಕ್ಯಾಲೊರಿ, ಕೊಬ್ಬು 67 ಗ್ರಾಂ, ಸ್ಯಾಚುರೇಟೆಡ್ 22, ಟ್ರಾನ್ಸ್ 2, ಸೇರಿಸಿದ ಸಕ್ಕರೆ 50 ಗ್ರಾಂ, ಸೋಡಿಯಂ 2000 ಮಿಗ್ರಾಂ.

ಲೆಕ್ಕ ಹೀಗೆ. ಸಿಪ್ಪೆ ಸಮೇತ ಹಸಿ ಶೇಂಗಾ ಕಾಳು 1000 ಗ್ರಾಂ, ಒಣ ಖಾರದ ಪುಡಿ 100, ಬೆಳ್ಳುಳ್ಳಿ 60, ಉಪ್ಪು 50, ಜೀರಿಗೆ 20. ಒಟ್ಟು 1230 ಗ್ರಾಂ. ಹುರಿದು ಕುಟ್ಟಿದ ಮೇಲೆ ತೂಗಿದರೆ 1150 ಬಂತೆನ್ನಿ, ಹೋದದ್ದು ನೀರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಭಾರತೀಯ ಆಹಾರ ಸಂಯೋಜನೆ ಪಟ್ಟಿಯಲ್ಲಿ 100 ಗ್ರಾಂ ಶೇಂಗಾಕ್ಕೆ ಸುಮಾರು 520 ಕಿಲೋಕ್ಯಾಲೊರಿ, 39.6 ಗ್ರಾಂ ಕೊಬ್ಬು, 23.6 ಗ್ರಾಂ ಪ್ರೋಟೀನ್ ಇದೆ. ಕಿಲೋಗೆ ಕೊಬ್ಬು 396 ಗ್ರಾಂ. ಖಾರದ ಪುಡಿ, ಜೀರಿಗೆಯದ್ದು ಸೇರಿ ಸುಮಾರು 405. ಅದನ್ನು 1150ರಿಂದ ಭಾಗಿಸಿ 100ರಿಂದ ಗುಣಿಸಿದರೆ 35 ಗ್ರಾಂ ಚಿಲ್ಲರೆ. ಶಕ್ತಿ ಇದೇ ರೀತಿ 485 ಕಿಲೋಕ್ಯಾಲೊರಿ ಆಸುಪಾಸು ಬರುತ್ತದೆ. ಊಟಕ್ಕೆ 10 ಗ್ರಾಂ ಹಿಂಡಿ ಬಡಿಸಿದರೆ ಕೊಬ್ಬು ಮೂರೂವರೆ ಗ್ರಾಂ, ದಿನದ ಅಗತ್ಯದ ಶೇ. 5ರಷ್ಟು.

ಭಾಗಿಸಬೇಕಾದ್ದು 1150ರಿಂದ, 1230ರಿಂದಲ್ಲ. ಬಹಳ ಜನ ತಪ್ಪುವುದು ಇಲ್ಲೇ. ಸಿಪ್ಪೆ ಕೇರಿ ತೆಗೆಯುವವರು ಸಿಪ್ಪೆಯನ್ನೂ ತೂಗಿ ಕಳೆಯಬೇಕು. ಸೋಡಿಯಂ ಜಾಗದಲ್ಲಿ ಉಪ್ಪಿನ ತೂಕ ಬರೆಯುವುದು ಇನ್ನೊಂದು ಪ್ರಮಾದ. ಉಪ್ಪಿನಲ್ಲಿ ಸೋಡಿಯಂ ಶೇ. 39ರಷ್ಟು ಮಾತ್ರ. 50 ಗ್ರಾಂ ಉಪ್ಪು ಅಂದರೆ ಸುಮಾರು 19,600 ಮಿಗ್ರಾಂ, ನೂರು ಗ್ರಾಂ ಹಿಂಡಿಗೆ 1700 ಮಿಗ್ರಾಂ. ಸಂಖ್ಯೆ ನೋಡಿ ಗಾಬರಿಯಾಗಿ ಸರ್ವಿಂಗನ್ನು 2 ಗ್ರಾಮಿಗೆ ಇಳಿಸುವವರಿದ್ದಾರೆ, ಎರಡು ಗ್ರಾಂ ಹಿಂಡಿ ಹಚ್ಚಿಕೊಂಡು ರೊಟ್ಟಿ ಉಣ್ಣುವವರನ್ನು ನಮ್ಮ ಸೀಮೆಯಲ್ಲಿ ಹುಡುಕಿ ತೋರಿಸಲಿ. ಕರಿದ ತಿಂಡಿಯದ್ದಾದರೆ ಎಣ್ಣೆಯನ್ನು ಬಾಣಲಿಗೆ ಸುರಿಯುವ ಮುಂಚೆ ತೂಗಿ, ಕರಿದ ಮೇಲೆ ಉಳಿದದ್ದನ್ನು ಸೋಸಿ ತೂಗಿ. ವ್ಯತ್ಯಾಸವೇ ತಿಂಡಿ ಹೀರಿದ್ದು. ಲೆಕ್ಕ ಮುಗಿದ ಮೇಲೆ ಒಂದು ಬ್ಯಾಚನ್ನು ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿಗೆ ಕಳಿಸಿ ತಾಳೆ ನೋಡಿ. ದುಬಾರಿ ಅನ್ನಿಸಿದರೂ ಅಳತೆ ಬದಲಾಗುವ ತನಕ ಅದೇ ವರದಿ ಸಾಕಾಗುತ್ತದೆ.

ಉಳಿದವು ಬೇಗ ಮುಗಿಯುತ್ತವೆ. ಹಸಿರು ಚೌಕದೊಳಗೆ ಹಸಿರು ಚುಕ್ಕಿ. ಮಾಂಸಾಹಾರಕ್ಕೆ 2020ರ ನಿಯಮಾವಳಿ ಬಂದ ಮೇಲೆ ಕಂದು ತ್ರಿಕೋನ, ಚುಕ್ಕಿಯಲ್ಲ. ತಯಾರಿಕೆಯ ದಿನಾಂಕ, ಎಕ್ಸ್‌ಪೈರಿ ದಿನಾಂಕ, ಬ್ಯಾಚ್ ನಂಬರ್. 'ಬೆಸ್ಟ್ ಬಿಫೋರ್' ಈಗ ಐಚ್ಛಿಕ, ಅದೊಂದನ್ನೇ ಹಾಕಿ ಬಿಡುವಂತಿಲ್ಲ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲಾಂಛನ ಮತ್ತು 14 ಅಂಕಿಯ ನಂಬರ್: ಕರ್ನಾಟಕದ ನೋಂದಣಿಯಾದರೆ 212ರಿಂದ, ರಾಜ್ಯ ಲೈಸೆನ್ಸ್ ಆದರೆ 112ರಿಂದ ಶುರುವಾಗುತ್ತದೆ. ಬೇರೆಯವರ ನಂಬರನ್ನು ಎರವಲು ತಂದು ಹಾಕಿದ್ದು ಮೊದಲ ನೋಟಕ್ಕೇ ಗೊತ್ತಾಗಲು ಇದೂ ಒಂದು ಕಾರಣ. ಎಂಆರ್‌ಪಿ, ನಿವ್ವಳ ತೂಕ, ಗ್ರಾಮಿಗೆ ಎಷ್ಟು ರೂಪಾಯಿ ಎಂಬ ಯೂನಿಟ್ ಬೆಲೆ, ಗ್ರಾಹಕರು ದೂರು ಹೇಳುವ ಫೋನ್ ಮತ್ತು ಇಮೇಲ್: ಇವನ್ನು ಕೇಳುವುದು ಬೇರೆ ಇಲಾಖೆ, ಕಾನೂನು ಮಾಪನ ಶಾಸ್ತ್ರ ಇಲಾಖೆ. ಒಬ್ಬರಿಂದ ಪಾಸಾಯಿತೆಂದು ಇನ್ನೊಬ್ಬರು ಬಿಡುವುದಿಲ್ಲ. 100 ಚದರ ಸೆಂಟಿಮೀಟರ್ ಮೀರದ ಪುಟ್ಟ ಪೊಟ್ಟಣಕ್ಕೆ ಪದಾರ್ಥ ಮತ್ತು ಪೋಷಕಾಂಶ ಪಟ್ಟಿಯಿಂದ ವಿನಾಯಿತಿ ಇದೆ, ಆದರೆ ಆ ವಿವರ ಹೊರಗಿನ ದೊಡ್ಡ ಪ್ಯಾಕಿನ ಮೇಲೆ ಬರಬೇಕು.

ಹೋಟೆಲಿನವರ ಕಥೆ ಬೇರೆ. ಮೆನುವಿನಲ್ಲಿ ಕ್ಯಾಲೊರಿ ಬರೆಯುವ ಕಡ್ಡಾಯ ಇರುವುದು ಕೇಂದ್ರ ಲೈಸೆನ್ಸ್ ಉಳ್ಳವರಿಗೆ ಅಥವಾ 10 ಹಾಗೂ ಹೆಚ್ಚು ಕಡೆ ಶಾಖೆ ಇರುವವರಿಗೆ. ಅವರು ಪ್ರತಿ ತಿನಿಸಿನ ಎದುರು ಸರ್ವಿಂಗಿನ ಅಳತೆ, ಅದರ ಕಿಲೋಕ್ಯಾಲೊರಿ ಹಾಕಬೇಕು; ಅಲರ್ಜಿಯ ವಿವರವನ್ನೂ ಕೊಡಬೇಕು. ಬಳ್ಳಾರಿಯ ಖಾನಾವಳಿಗೆ, ವಗ್ಗಾಣಿ-ಮಿರ್ಚಿಯ ಗಾಡಿಗೆ ಇದು ತಟ್ಟುವುದಿಲ್ಲ. ಅವರಿಗೆ ಬೇಕಾದದ್ದು ನೋಂದಣಿ ಅಥವಾ ಲೈಸೆನ್ಸ್, ಮತ್ತು ಬಿಲ್ಲು ಕೊಟ್ಟರೆ 2022ರ ಜನವರಿ 1ರಿಂದ ಅದರ ಮೇಲೆ ಆ 14 ಅಂಕಿ. ಬಿಡಿಯಾಗಿ ಮಿಠಾಯಿ ಮಾರುವವರು 2020ರ ಅಕ್ಟೋಬರಿನಿಂದ ತಟ್ಟೆಯ ಮುಂದೆ 'ಬೆಸ್ಟ್ ಬಿಫೋರ್' ದಿನಾಂಕದ ಚೀಟಿ ಇಡಬೇಕು. ವರ್ಷಕ್ಕೆ 60 ದಿನಕ್ಕಿಂತ ಕಡಿಮೆ ನಡೆಯುವ ಊಟದಂಗಡಿಗೆ ಕ್ಯಾಲೊರಿಯ ಉಸಾಬರಿ ಇಲ್ಲ, ಹಾಗಾಗಿ ಗವಿಮಠದ ಜಾತ್ರೆಗೆ ಹಾಕುವ ತಾತ್ಕಾಲಿಕ ಅಂಗಡಿಗಳು ಆ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೆನುವಿನಲ್ಲಿ ಹೆಸರಿಲ್ಲದೆ ಪುಕ್ಕಟೆ ಸಿಗುವ, ಗಿರಾಕಿಯೇ ಬಡಿಸಿಕೊಳ್ಳುವ ಚಟ್ನಿ-ಉಪ್ಪಿನಕಾಯಿಯಂಥವಕ್ಕೂ ಲೆಕ್ಕ ಕೊಡಬೇಕಿಲ್ಲ. ಅದೇ ಹಿಂಡಿಯನ್ನು ಪೊಟ್ಟಣ ಕಟ್ಟಿ ಗಲ್ಲಾಪೆಟ್ಟಿಗೆಯ ಪಕ್ಕ ಮಾರಲು ಇಟ್ಟಿರೋ, ಮೇಲೆ ಹೇಳಿದ್ದೆಲ್ಲ ಖಾನಾವಳಿಯವರಿಗೂ ಅನ್ವಯ.