ಆಯಿಲ್ ಫಿಲ್ಟರ್ ತಗೊಳ್ಳೋವಾಗ ಡಬ್ಬದ ಮೇಲಲ್ಲ, ಒಳಗೆ ಏನಿದೆ ನೋಡಿ

ಎಂಜಿನ್ ಆಯಿಲ್ ಬಗ್ಗೆ ಕೇಳಿದ್ರೆ ಜನ ಗಂಟೆಗಟ್ಟಲೆ ಮಾತಾಡ್ತಾರೆ, 5ಡಬ್ಲ್ಯೂ-30 ಗ್ರೇಡ್ ಒಳ್ಳೇದಾ 0ಡಬ್ಲ್ಯೂ-20 ಗ್ರೇಡ್ ಒಳ್ಳೇದಾ, ಫುಲ್ ಸಿಂಥೆಟಿಕ್ ಹಾಕ್ಬೇಕಾ ಸೆಮಿ ಸಾಕಾ ಅಂತ. ಅದೇ ಫಿಲ್ಟರ್ ವಿಷಯ ಬಂತು ಅಂದ್ರೆ "ಯಾವುದೋ ಒಂದು ಹಾಕ್ಬಿಡಿ" ಅಂತಾರೆ. ಇದು ನನಗೆ ನಿಜವಾಗ್ಲೂ ಬೇಜಾರಾಗೋ ವಿಷಯ, ಯಾಕಂದ್ರೆ ಈಗಿನ ಕಾರುಗಳಲ್ಲಿ ಪಂಪ್ ಎತ್ತಿ ಕಳಿಸೋ ಆಯಿಲ್ ಬೇರಿಂಗ್‌ಗೆ ಹೋಗೋ ಮೊದ್ಲು ಫಿಲ್ಟರ್ ದಾಟಿಕೊಂಡೇ ಹೋಗ್ಬೇಕು, ಎಷ್ಟೇ ಒಳ್ಳೆ ಆಯಿಲ್ ಹಾಕಿದ್ರೂ ಅದರ ಜೊತೆ ಕಸ ತಿರುಗ್ತಾ ಇದ್ರೆ ಆ ಆಯಿಲ್ ಏನ್ ತಾನೇ ಮಾಡತ್ತೆ ಹೇಳಿ.

ಕಸ ಅಂದ್ರೆ ಕಣ್ಣಿಗೆ ಕಾಣೋ ಅಂಥದ್ದಲ್ಲ. ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನಲ್ಲಿ ಸಾವಿರದ ಒಂದು ಭಾಗ, ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರತ್ತೆ. ಎಂಜಿನ್ ಓಡೋವಾಗ ಕ್ರ್ಯಾಂಕ್‌ಗೂ (ಎಂಜಿನ್ ಒಳಗೆ ತಿರುಗೋ ಮುಖ್ಯ ದಂಡ) ಅದನ್ನ ಹೊತ್ತಿರೋ ಬೇರಿಂಗ್‌ಗೂ ಮಧ್ಯೆ ಇರೋ ಆಯಿಲ್ ಪದರ ತೀರಾ ತೆಳು ಇರೋ ಕಡೆ ಕೆಲವೇ ಮೈಕ್ರಾನ್. ಹಾಗಾಗಿ ದೊಡ್ಡ ಕಣಗಳಿಗಿಂತ ಆ ಸಂದಿಯೊಳಗೆ ನುಗ್ಗೋಕೆ ಆಗುವಷ್ಟು ಸಣ್ಣ, ಆದ್ರೆ ಪದರಕ್ಕಿಂತ ಸ್ವಲ್ಪ ದಪ್ಪ ಇರೋ ಕಣಗಳೇ ಜಾಸ್ತಿ ಸವೆಸೋದು. ಫಿಲ್ಟರ್ ಒಳ್ಳೇದಾ ಅಂತ ಕೇಳೋದು ಅಂದ್ರೆ ಈ ಸೈಜಿನ ಕಣಗಳನ್ನ ಎಷ್ಟು ಹಿಡಿಯತ್ತೆ ಅಂತ ಕೇಳಿದ ಹಾಗೆ.

ಇಲ್ಲೇ ಡಬ್ಬದ ಮೇಲಿನ ನಂಬರ್ ನಮ್ಮನ್ನ ದಾರಿ ತಪ್ಪಿಸೋದು. "99% ಶೋಧನೆ" ಅಂತ ದಪ್ಪಕ್ಷರದಲ್ಲಿ ಬರೆದಿರತ್ತೆ, ಎಷ್ಟು ಮೈಕ್ರಾನ್‌ಗೆ 99% ಅನ್ನೋದು ಎಲ್ಲೋ ಮೂಲೇಲಿ ಚಿಕ್ಕದಾಗಿ ಇರತ್ತೆ, ಕೆಲವು ಸಲ ಇರೋದೇ ಇಲ್ಲ. 40 ಮೈಕ್ರಾನ್ ಕಣಗಳಲ್ಲಿ 99% ಹಿಡಿಯೋ ಫಿಲ್ಟರ್‌ಗಿಂತ 20 ಮೈಕ್ರಾನ್‌ನಲ್ಲಿ 95% ಹಿಡಿಯೋದು ಎಷ್ಟೋ ವಾಸಿ, ಆದ್ರೆ ಅಂಗಡೀಲಿ ನಿಂತು ನೋಡಿದ್ರೆ 99 ಇರೋದೇ ಕಣ್ಣು ಸೆಳೆಯೋದು. ಇನ್ನೊಂದು ಕಡೆ ಬರೀ "20 ಮೈಕ್ರಾನ್ ಫಿಲ್ಟರ್" ಅಂತ ಹಾಕಿರ್ತಾರೆ, ಪರ್ಸೆಂಟೇ ಹೇಳಿರಲ್ಲ. ಅದು ನಾಮಿನಲ್, ಅಂದ್ರೆ ಅಂದಾಜಿನ ಲೆಕ್ಕ ಆಗಿದ್ರೆ ಆ ಸೈಜಿನ ಕಣಗಳಲ್ಲಿ ಅರ್ಧ ಮಾತ್ರ ಹಿಡಿದು ಇನ್ನರ್ಧ ಬಿಡೋ ಫಿಲ್ಟರ್ ಕೂಡ ಆಗಿರಬಹುದು. ಪರ್ಸೆಂಟು, ಮೈಕ್ರಾನು ಎರಡೂ ಒಟ್ಟಿಗೆ ಇದ್ರೆ ಮಾತ್ರ ಆ ಮಾತಿಗೆ ಬೆಲೆ ಕೊಡಿ.

ಇದನ್ನ ಅಳೆಯೋಕೆ ಐಎಸ್‌ಒ 4548-12 ಅಂತ ಒಂದು ಟೆಸ್ಟ್ ಇದೆ. ಆಯಿಲ್‌ಗೆ ಗೊತ್ತಿರೋ ಸೈಜಿನ ಧೂಳು ಬೆರೆಸ್ತಾ ಅದನ್ನ ಫಿಲ್ಟರ್ ಮೂಲಕ ಮತ್ತೆ ಮತ್ತೆ ಸುತ್ತಿಸಿ, ಒಳಗೆ ಹೋಗೋ ಕಣ ಎಷ್ಟು, ಆಚೆ ಬರೋದು ಎಷ್ಟು ಅಂತ ಎಣಿಸ್ತಾರೆ. ಒಳಗೆ ಹೋಗಿದ್ದನ್ನ ಆಚೆ ಬಂದಿದ್ದರಿಂದ ಭಾಗಿಸಿದ್ರೆ ಬರೋದೇ ಬೀಟಾ, ಒಳಗೆ 1000 ಹೋಗಿ ಆಚೆ 10 ಬಂದ್ರೆ ಆ ಸೈಜಿಗೆ ಬೀಟಾ 100, ಅಂದ್ರೆ 99%. ಬೀಟಾ 2 ಅಂದ್ರೆ 50%. ಕಂಪನಿ ವೆಬ್‌ಸೈಟ್‌ನಲ್ಲಿ ಈ ಟೆಸ್ಟ್ ಹೆಸರು ಹೇಳಿ ಮೈಕ್ರಾನ್ ಸಮೇತ ನಂಬರ್ ಕೊಟ್ಟಿದ್ರೆ ನನಗೆ ಆ ಕಂಪನಿ ಮೇಲೆ ಅರ್ಧ ನಂಬಿಕೆ ಅಲ್ಲೇ ಬಂದ್ಬಿಡತ್ತೆ.

ಒಳಗಿನ ಪೇಪರ್ ವಿಷಯ ಸಿಂಪಲ್. ಮಾಮೂಲಿದು ಸೆಲ್ಯುಲೋಸ್, ಮರದ ನಾರಿನದು, ಮೇಲೆ ರೆಸಿನ್ ಹಾಕಿರ್ತಾರೆ. ಇನ್ನೊಂದು ಸೆಲ್ಯುಲೋಸ್ ಜೊತೆ ಸಿಂಥೆಟಿಕ್ ನಾರು ಬೆರೆಸಿದ್ದು, ಮೂರನೇದು ಪೂರ್ತಿ ಸಿಂಥೆಟಿಕ್. ಸಿಂಥೆಟಿಕ್ ನಾರು ತೆಳುವಾಗಿ ಒಂದೇ ಸಮ ಇರೋದ್ರಿಂದ ಆಯಿಲ್ ಹರಿಯೋಕೆ ಅಷ್ಟು ಅಡ್ಡಿ ಮಾಡದೇ ಜಾಸ್ತಿ ಕಸ ಹಿಡ್ಕೊಳ್ಳತ್ತೆ. ದಿನಾ ಓಡಿಸೋ ಕಾರು, ಮ್ಯಾನುಯಲ್‌ನಲ್ಲಿ ಹೇಳಿದ ಟೈಮಿಗೆ ಆಯಿಲ್ ಬದಲಾಯಿಸ್ತೀರಿ ಅಂದ್ರೆ ಒಳ್ಳೆ ಸೆಲ್ಯುಲೋಸ್ ಅಥವಾ ಬೆರಕೆದು ಧಾರಾಳ ಸಾಕು, 15,000 ಕಿಲೋಮೀಟರ್ ಥರ ಉದ್ದ ಇಂಟರ್ವಲ್ ಇದ್ರೆ ಸಿಂಥೆಟಿಕ್‌ಗೆ ಹೋಗಿ.

ಈಗ ನಾನು ಎಲ್ಲಕ್ಕಿಂತ ಮೊದ್ಲು ನೋಡೋ ಭಾಗ. ತಿರುಗಿಸಿ ಹಾಕೋ ಸ್ಪಿನ್-ಆನ್ ಫಿಲ್ಟರ್ ಬುಡದಲ್ಲಿ ನಡುವೆ ಥ್ರೆಡ್ ಇರೋ ದೊಡ್ಡ ತೂತು, ಸುತ್ತ ಸಣ್ಣ ಸಣ್ಣ ತೂತು ಇರತ್ತಲ್ಲ, ಆ ಸಣ್ಣ ತೂತುಗಳ ಒಳಗೆ ಬೆಳಕು ಬಿಟ್ಟು ನೋಡಿ, ಒಂದು ರಬ್ಬರ್ ಪದರ ಕಾಣತ್ತೆ. ಅದೇ ಆಂಟಿ-ಡ್ರೈನ್‌ಬ್ಯಾಕ್ ವಾಲ್ವ್. ಎಂಜಿನ್ ನಿಂತಾಗ ಫಿಲ್ಟರ್‌ನಲ್ಲಿರೋ ಆಯಿಲ್ ವಾಪಸ್ ಸಂಪ್‌ಗೆ (ಎಂಜಿನ್ ಕೆಳಗೆ ಆಯಿಲ್ ನಿಲ್ಲೋ ತೊಟ್ಟಿ) ಇಳಿದು ಹೋಗದ ಹಾಗೆ ತಡೆಯೋದು ಅದರ ಕೆಲಸ. ಫಿಲ್ಟರ್ ಅಡ್ಡ ಇಲ್ಲಾ ತಲೆಕೆಳಗಾಗಿ ಕೂರೋ ಎಂಜಿನ್‌ಗಳಲ್ಲಿ ಈ ರಬ್ಬರ್ ಸೋತ್ರೆ ರಾತ್ರಿಯೆಲ್ಲಾ ಆಯಿಲ್ ಇಳಿದು ಫಿಲ್ಟರ್ ಖಾಲಿ ಆಗಿರತ್ತೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಅದು ಮತ್ತೆ ತುಂಬೋವರೆಗೂ ಕಟಕಟ ಅಂತ ಸದ್ದು, ಡ್ಯಾಶ್‌ಬೋರ್ಡ್‌ನಲ್ಲಿ ಆಯಿಲ್ ಲೈಟ್ ಆರೋಕೂ ತಡ. ಬಾಯಿ ಮೇಲೆ ಮಾಡಿ ನೇರ ಕೂರೋ ಫಿಲ್ಟರ್ ಆದ್ರೆ ಇದರ ಚಿಂತೆ ಅಷ್ಟಿಲ್ಲ.

ರಬ್ಬರ್‌ನಲ್ಲಿ ಎರಡು ಜಾತಿ, ನೈಟ್ರೈಲ್ ಮತ್ತೆ ಸಿಲಿಕೋನ್. ಸಾಮಾನ್ಯವಾಗಿ ನೈಟ್ರೈಲ್ ಕಪ್ಪಗಿರತ್ತೆ, ಸಿಲಿಕೋನ್ ಕಿತ್ತಳೆ ಇಲ್ಲಾ ಕೆಂಪು, ಆದ್ರೆ ಬಣ್ಣ ಒಂದನ್ನೇ ನಂಬ್ಬೇಡಿ, ಬಣ್ಣ ಯಾರು ಬೇಕಾದ್ರೂ ಹಾಕಬಹುದು, ಕಂಪನಿ ಬರೆದಿರೋ ವಿವರ ನೋಡಿ. ಬಿಸಿ ಆಯಿಲ್‌ನಲ್ಲಿ ತಿಂಗಳುಗಟ್ಟಲೆ ಬೆಂದ ನೈಟ್ರೈಲ್ ಗಡುಸಾಗತ್ತೆ, ಚಳಿಗೆ ಇನ್ನೂ ಬಿಗಿಯಾಗತ್ತೆ. ನಾನು ಬಿಚ್ಚಿದ ಹಳೇ ಫಿಲ್ಟರ್‌ಗಳನ್ನ ಕೊಯ್ದು ನೋಡ್ತೀನಿ. ಕೆಲವದರಲ್ಲಿ ಈ ರಬ್ಬರ್ ಅಂಚು ಸೊಟ್ಟಗಾಗಿ ಹಾಗೇ ನಿಂತಿರತ್ತೆ, ಬೆರಳಲ್ಲಿ ಬಗ್ಗಿಸಿದ್ರೆ ವಾಪಸ್ ಬರೋದೇ ಇಲ್ಲ. ಸಿಲಿಕೋನ್‌ದು ಅಷ್ಟೇ ಓಡಿದ್ರೂ ಮೆತ್ತಗೆ ಬಾಗಿ ಮತ್ತೆ ಜಾಗಕ್ಕೆ ಕೂತ್ಕೊಳ್ಳತ್ತೆ. ಫಿಲ್ಟರ್ ಅಡ್ಡ ಕೂರೋ ಕಾರ್ ಇದ್ರೆ ನನ್ನ ಪ್ರಕಾರ ಸಿಲಿಕೋನ್ ವಾಲ್ವ್‌ಗೋಸ್ಕರ ಸ್ವಲ್ಪ ಜಾಸ್ತಿ ಕೊಟ್ರೂ ನಷ್ಟ ಇಲ್ಲ.

ಕೊಯ್ಯೋಕೆ ಫಿಲ್ಟರ್ ಕಟರ್ ಸಿಗತ್ತೆ, ಅದರಲ್ಲೇ ಕೊಯ್ಯಿರಿ, ಗರಗಸ ಬೇಡ. ಗರಗಸದ ಪುಡಿ ಪೇಪರ್ ಮೇಲೆ ಬಿದ್ರೆ ಅದು ಎಂಜಿನ್‌ದಾ ಫಿಲ್ಟರ್ ತಗಡಿನದಾ ಅಂತ ಗೊತ್ತಾಗಲ್ಲ. ಪೇಪರ್ ಬಿಡಿಸಿ ಮಡಿಕೆಗಳ ಮಧ್ಯೆ ನೋಡಿ, ಮಡಿಕೆ ಒಂದೇ ಸಮ ಇದೆಯಾ, ಎಲ್ಲೋ ಒಂದು ಕಡೆ ಗುಂಪಾಗಿ ಇನ್ನೊಂದು ಕಡೆ ಅಗಲ ಆಗಿದೆಯಾ, ಎರಡು ಅಂಚು ಸೇರೋ ಜೋಡಣೆ ಬಿಟ್ಟಿದೆಯಾ, ತುದಿಯ ಅಂಟು ಪೂರ್ತಿ ಹಿಡಿದಿದೆಯಾ. ನಡುವಿನ ಕೊಳವೆ ತೂತುಗಳೂ ಸರಿಯಾಗಿ ತೆರೆದಿರ್ಬೇಕು. ತುದಿಗೆ ರಟ್ಟು ಹಾಕಿದ್ರೆ ಕಳಪೆ, ತಗಡು ಇದ್ರೆ ಉತ್ತಮ ಅಂತ ಎಲ್ಲರೂ ಹೇಳ್ತಾರೆ, ನಾನು ಒಪ್ಪಲ್ಲ, ಅಂಟು ಗಟ್ಟಿ ಇದ್ರೆ ರಟ್ಟಿನದೂ ಚೆನ್ನಾಗೇ ಕೆಲಸ ಮಾಡತ್ತೆ, ಅಂಟು ಬಿಟ್ರೆ ತಗಡು ಇದ್ದೂ ಏನು ಬಂತು. ಹಾಂ, ಹಳೇ ಪೇಪರ್‌ನಲ್ಲಿ ಹೊಳೆಯೋ ಲೋಹದ ಚೂರು ಕಂಡ್ರೆ ಫಿಲ್ಟರ್ ಚರ್ಚೆ ಬಿಟ್ಟು ಮೊದ್ಲು ಎಂಜಿನ್ ತೋರಿಸಿ.

ಬೈಪಾಸ್ ವಾಲ್ವ್ ಅಂತ ಇನ್ನೊಂದಿದೆ. ಪೇಪರ್ ಕಟ್ಟಿಕೊಂಡಾಗ, ಇಲ್ಲಾ ಚಳಿಗೆ ಆಯಿಲ್ ಮಂದ ಆಗಿ ದಾಟೋಕೆ ಆಗದೇ ಇದ್ದಾಗ ಇದು ತೆರೆದು ಆಯಿಲನ್ನ ಸೋಸದೇ ಹಾಗೇ ಬಿಡತ್ತೆ, ಎಂಜಿನ್‌ಗೆ ಆಯಿಲ್ಲೇ ಸಿಗದೇ ಇರೋದಕ್ಕಿಂತ ಕೊಳೆ ಆಯಿಲ್ ವಾಸಿ ಅಂತ. ಎಷ್ಟು ಪ್ರೆಷರ್‌ಗೆ ತೆರೀಬೇಕು ಅನ್ನೋದು ಎಂಜಿನ್‌ನಿಂದ ಎಂಜಿನ್‌ಗೆ ಬೇರೆ, ಕೆಲವು ಎಂಜಿನ್‌ಗಳಲ್ಲಿ ಈ ವಾಲ್ವ್ ಫಿಲ್ಟರ್‌ನಲ್ಲಿ ಇರೋದೇ ಇಲ್ಲ, ಎಂಜಿನ್ ಬ್ಲಾಕ್‌ನಲ್ಲೇ ಇರತ್ತೆ. ಅದಕ್ಕೇ ಥ್ರೆಡ್ ಕೂತ್ಕೊಳ್ತು, ಸೈಜ್ ದೊಡ್ಡದಿದೆ, ನಡೆಯತ್ತೆ ಅಂತ ಬೇರೆ ಕಾರಿನ ಫಿಲ್ಟರ್ ಹಾಕೋದು ಬೇಡ. ನಿಮ್ಮ ಎಂಜಿನ್ ಕೋಡ್‌ಗೆ ಬರೋ ಪಾರ್ಟ್ ನಂಬರೇ ತಗೊಳ್ಳಿ.

ಬ್ರ್ಯಾಂಡ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೊಳ್ಬೇಕಾಗಿಲ್ಲ. ಕಾರ್ ಕಂಪನಿಗಳು ಸಾಮಾನ್ಯವಾಗಿ ಫಿಲ್ಟರ್ ತಾವೇ ಮಾಡಲ್ಲ, ಮಾನ್, ಮಾಹ್ಲೆ, ಡೆನ್ಸೋ ಥರದ ಕಂಪನಿಗಳಿಂದ ಮಾಡಿಸ್ಕೊಳ್ತಾರೆ, ಹಾಗಾಗಿ ಕಂಪನಿ ಫಿಲ್ಟರ್ ಇಲ್ಲಾ ಇಂಥ ತಯಾರಕರ ಅದೇ ನಂಬರಿನ ಫಿಲ್ಟರ್ ಕಣ್ಣುಮುಚ್ಚಿ ಹಾಕಬಹುದು. ಕಣ್ಣು ಬಿಟ್ಟು ನೋಡ್ಬೇಕಾಗಿರೋದು ನಕಲಿ ಮಾಲಿಗೆ. ಪ್ರಿಂಟ್ ಮಸುಕು, ಡಬ್ಬದ ನಂಬರ್‌ಗೂ ಒಳಗಿನ ನಂಬರ್‌ಗೂ ಹೊಂದಿಕೆ ಇಲ್ಲ, ಥ್ರೆಡ್‌ನಲ್ಲಿ ಒರಟು, ಗ್ಯಾಸ್ಕೆಟ್ (ಬುಡದಲ್ಲಿ ಆಯಿಲ್ ಸೋರದ ಹಾಗೆ ಕೂರೋ ರಬ್ಬರ್ ಬಳೆ) ಸಡಿಲ, ಹಿಂದೆ ತಗೊಂಡಿದ್ದಕ್ಕಿಂತ ಕೈಯಲ್ಲಿ ಹಗುರ ಅನ್ನಿಸ್ತಾ ಇದೆ, ಇಂಥದ್ದು ಒಂದು ಕಂಡ್ರೂ ವಾಪಸ್ ಕೊಟ್ಬಿಡಿ.

ಇಷ್ಟೆಲ್ಲಾ ನೋಡಿ ತಂದ ಫಿಲ್ಟರನ್ನ ಹಾಕೋವಾಗ ಹಳೇ ಗ್ಯಾಸ್ಕೆಟ್ ಎಂಜಿನ್‌ಗೆ ಅಂಟ್ಕೊಂಡು ಉಳಿದಿಲ್ಲ ತಾನೇ ಅಂತ ಖಂಡಿತಾ ನೋಡಿ, ಅದರ ಮೇಲೇ ಹೊಸದು ಕೂತ್ರೆ ಆಯಿಲ್ ಎಲ್ಲಾ ಆಚೆ ಚೆಲ್ಲತ್ತೆ. ಹೊಸ ಗ್ಯಾಸ್ಕೆಟ್‌ಗೆ ಬೆರಳಲ್ಲಿ ಸ್ವಲ್ಪ ಆಯಿಲ್ ಸವರಿ, ಅದು ತಾಗಿದ ಮೇಲೆ ಕೈಯಲ್ಲೇ ಇನ್ನೊಂದು ಮುಕ್ಕಾಲು ಸುತ್ತು, ಅಥವಾ ಫಿಲ್ಟರ್ ಮೇಲೆ ಎಷ್ಟು ಹೇಳಿದ್ಯೋ ಅಷ್ಟು. ಪ್ಲಾಸ್ಟಿಕ್ ಕ್ಯಾಪ್ ಒಳಗೆ ಕೂರೋ ಕಾರ್ಟ್ರಿಡ್ಜ್ ಆದ್ರೆ ಜೊತೆಗೆ ಬಂದ ಹೊಸ ಓ-ರಿಂಗ್ ಹಾಕ್ಲೇಬೇಕು, ಕ್ಯಾಪ್ ಮೇಲೆ ಬರೆದಿರೋ ಟಾರ್ಕ್‌ಗಿಂತ (ಬಿಗಿಸೋ ಬಲದ ಅಳತೆ) ಬಿಗಿ ಮಾಡಿದ್ರೆ ಕ್ಯಾಪ್ ಬಿರುಕು ಬಿಡತ್ತೆ. ಆಮೇಲೆ ಸ್ಟಾರ್ಟ್ ಮಾಡಿ, ಆಯಿಲ್ ಲೈಟ್ ಆರಿದ ಮೇಲೆ ಒಂದೆರಡು ನಿಮಿಷ ಓಡಿಸಿ ಫಿಲ್ಟರ್ ಬುಡದಲ್ಲಿ ಜಿನುಗ್ತಾ ಇದೆಯಾ ಟಾರ್ಚ್ ಹಾಕಿ ನೋಡಿ, ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ತೆಗೀರಿ, ಹೊಸ ಫಿಲ್ಟರ್ ತುಂಬ್ಕೊಳ್ಳೋಕೆ ಒಂದಷ್ಟು ಆಯಿಲ್ ಹೋಗಿರತ್ತೆ, ಲೆವೆಲ್ ಕಮ್ಮಿ ಕಂಡ್ರೆ ಅಷ್ಟು ಹಾಕ್ಬಿಡಿ.