ನಾಲ್ಕೂವರೆ ಮಿಲಿಮೀಟರ್ ದಪ್ಪದ ತಕರಾರು

ಲ್ಯಾಪ್‌ಟಾಪ್ ಜಾಹೀರಾತುಗಳು ತೂಕದ ಬಗ್ಗೆ ಬಹಳ ಕೊಚ್ಚಿಕೊಳ್ಳುತ್ತವೆ. ಮುಂಬೈಯ ಬೆಳಗಿನ ಲೋಕಲ್ ರೈಲು ಡೊಂಬಿವಲಿ ಫಾಸ್ಟ್‌ನಲ್ಲಿ ನಿಂತವರಿಗೆ ತೂಕಕ್ಕಿಂತ ದಪ್ಪದ ಚಿಂತೆ ದೊಡ್ಡದು. ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡರೆ ಹಿಂದಿನವರು ಬೈಯುತ್ತಾರೆ. ಎದೆಗೆ ಹಾಕಿಕೊಂಡರೆ ಮುಂದಿನವರ ಬೆನ್ನಿಗೂ ನಮ್ಮ ಹೊಟ್ಟೆಗೂ ನಡುವಿನ ಜಾಗದಲ್ಲಿ ಊಟದ ಡಬ್ಬಿ, ಕೊಡೆ, ಲ್ಯಾಪ್‌ಟಾಪ್ ಎಲ್ಲವೂ ಹಿಡಿಯಬೇಕು. ಠಾಣೆ ನಿಲ್ದಾಣ ದಾಟುವ ಹೊತ್ತಿಗೆ ಆ ಜಾಗವೂ ಉಳಿದಿರುವುದಿಲ್ಲ.

ನನ್ನದು ಹೋಟೆಲುಗಳ ಲೆಕ್ಕ ಬರೆಯುವ ಕೆಲಸ. ಫೋರ್ಟ್‌ನಿಂದ ಮಾಟುಂಗದವರೆಗೆ ನಮ್ಮ ಊರ ಕಡೆಯ ಧಣಿಗಳ ಹೋಟೆಲುಗಳಿವೆ. ಗಲ್ಲಾಪೆಟ್ಟಿಗೆಯ ಪಕ್ಕದ ಮೇಜೇ ನನ್ನ ಕಚೇರಿ. ತಿಂಗಳ 11ಕ್ಕೆ ಜಿಎಸ್‌ಟಿ ತೆರಿಗೆಯ ಮಾರಾಟದ ವಿವರ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕದ 3ಬಿ ಸಲ್ಲಿಸಬೇಕು. ಆ ದಿನಗಳಲ್ಲಿ ಲ್ಯಾಪ್‌ಟಾಪ್ ಕೈಕೊಟ್ಟರೆ ಧಣಿಗಳು ಚಹಾ ಬೇಕೇ ಎಂದು ಕೇಳುವುದನ್ನೂ ನಿಲ್ಲಿಸುತ್ತಾರೆ. ಕಳೆದ ಮಳೆಗಾಲದಲ್ಲಿ ಹಾಗೆಯೇ ಆಯಿತು. ಹಳೆಯ ಯಂತ್ರದ ಬ್ಯಾಟರಿ ಹಪ್ಪಳದಂತೆ ಉಬ್ಬಿ ಟಚ್‌ಪ್ಯಾಡನ್ನು ಮೇಲಕ್ಕೆತ್ತಿತು. ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿದ್ದಾರೆ, ಕೀಬೋರ್ಡ್ ಸಮೇತ ಮೇಲಿನ ಭಾಗವನ್ನೇ ಬದಲಿಸಬೇಕು ಎಂದರು ಸರ್ವಿಸ್ ಸೆಂಟರಿನವರು. ಅವರು ಹೇಳಿದ ಮೊತ್ತ ಕೇಳಿ ಹೊಸದನ್ನೇ ಹುಡುಕಲು ಹೊರಟೆ.

ಮ್ಯೂನಿಕ್‌ನಲ್ಲಿರುವ ಅಕ್ಕನ ಮಗಳು ಫೋನಿನಲ್ಲಿ, "ಮಾವ, ಡಿಸೆಂಬರಿನಲ್ಲಿ ಬರುವಾಗ ಫ್ರೇಮ್‌ವರ್ಕ್ ತರುತ್ತೇನೆ, ಬೇರೆ ಯಾವುದನ್ನೂ ಕೊಳ್ಳಬೇಡಿ" ಎಂದಳು. 2021ರಲ್ಲಿ ಮಾರುಕಟ್ಟೆಗೆ ಬಂದ ಈ ಅಮೆರಿಕದ ಲ್ಯಾಪ್‌ಟಾಪಿನಲ್ಲಿ ಪರದೆ, ಕೀಬೋರ್ಡ್, ಬ್ಯಾಟರಿ, ಮದರ್‌ಬೋರ್ಡ್ ಎಲ್ಲವನ್ನೂ ನಾವೇ ಬಿಚ್ಚಿ ಬದಲಿಸಬಹುದು. ಸ್ಕ್ರೂಡ್ರೈವರನ್ನೂ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಾರೆ. 2021ರ ದೇಹಕ್ಕೆ 2025ರ ಮದರ್‌ಬೋರ್ಡ್ ಕೂರುತ್ತದೆ. ನನಗೆ ಆಸೆ ಹುಟ್ಟಿಸಿದ್ದು ಇಕ್ಕೆಲದ ನಾಲ್ಕು ಖಾನೆಗಳು. ಬೇಕಾದ ಪೋರ್ಟನ್ನು ಅಲ್ಲಿಗೆ ತೂರಿಸಬಹುದು. ರಿಟರ್ನ್‌ಗೆ ಡಿಜಿಟಲ್ ಸಹಿ ಹಾಕಲು ಚುಚ್ಚುವ, ಪೆನ್‌ಡ್ರೈವಿನಂಥ ನಮ್ಮ ಟೋಕನ್ ಇನ್ನೂ ಹಳೆಯ ಅಗಲದ ಯುಎಸ್‌ಬಿಯದೇ. ತೆಳು ಯಂತ್ರಗಳಲ್ಲಿ ಹಲವು ಚಿಕ್ಕ ಟೈಪ್-ಸಿ ಪೋರ್ಟ್ ಮಾತ್ರ ಇಟ್ಟುಕೊಂಡಿವೆ, ಹಾಗಾಗಿ ಎರಡನ್ನೂ ಜೋಡಿಸಲು ನಡುವೆ ಒಂದು ಡಾಂಗಲ್ ಬೇಕು. ಹೋಟೆಲ್ ಮೇಜಿನ ಮೇಲೆ ಡಾಂಗಲ್ ಇಟ್ಟು ನೋಡಿ. ಪರಿಚಯದ ಆಡಿಟರೊಬ್ಬರ ಡಾಂಗಲನ್ನು ಮಾಣಿ ಇಡ್ಲಿ ತಟ್ಟೆಯ ಜೊತೆಗೇ ಎತ್ತಿಕೊಂಡು ಹೋಗಿದ್ದ.

ಬಿಚ್ಚಲು ಬರುವ ಯಂತ್ರ ಎಂದರೆ ಕಲ್ಲುಗುಂಡಿನಂತಿರುತ್ತದೆ ಎಂದು ನಾನು ಎಣಿಸಿದ್ದೆ. 13 ಇಂಚಿನ ಫ್ರೇಮ್‌ವರ್ಕ್ ತೂಗುವುದು ಸುಮಾರು 1.3 ಕಿಲೋ, ಆ್ಯಪಲ್‌ನ ತೆಳು ಲ್ಯಾಪ್‌ಟಾಪ್ ಎಂ2 ಮ್ಯಾಕ್‌ಬುಕ್ ಏರ್ 1.24 ಕಿಲೋ. ದಪ್ಪ ಮೊದಲನೆಯದು 15.85 ಮಿಲಿಮೀಟರ್, ಎರಡನೆಯದು 11.3. ಒಂದು ನಾಲ್ಕೂವರೆ ಮಿಲಿಮೀಟರಿಗೆ ಇಷ್ಟೆಲ್ಲ ಸ್ವಾತಂತ್ರ್ಯವಾದರೆ ನಾನು ಠಾಣೆಯವರೆಗೆ ಉಸಿರು ಬಿಗಿಹಿಡಿದಾದರೂ ಹೋದೇನು. ಇವರದೇ 16 ಇಂಚಿನ ಮಾದರಿಯಲ್ಲಿ ಅಂಕಿಗಳ ಕೀಪ್ಯಾಡನ್ನೂ ಬೇಕಾದ ಕಡೆ ಕೂರಿಸಬಹುದು. ಲೆಕ್ಕ ಬರೆಯುವವನಿಗೆ ಅದು ಸ್ವರ್ಗ, ಆದರೆ 2.1 ಕಿಲೋ. ಅದನ್ನು ಅಲ್ಲಿಗೇ ಬಿಟ್ಟೆ.

ತೆಳು ಯಂತ್ರಗಳನ್ನು ಸುಮ್ಮನೆ ಬೈಯುವುದೂ ಸರಿಯಲ್ಲ. ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕುವುದು ನಮ್ಮ ಜೇಬಿಗೆ ಕತ್ತರಿ ಹಾಕಲೆಂದೇ ಅಲ್ಲ. ಕಡಿಮೆ ವಿದ್ಯುತ್ ತಿನ್ನುವ ಆ ಬಗೆಯ ರ‍್ಯಾಮ್ ಪ್ರೊಸೆಸರಿಗೆ ಹತ್ತಿರವಿದ್ದಷ್ಟೂ ವೇಗವಾಗಿ ಕೆಲಸ ಮಾಡುತ್ತದೆ, ಬ್ಯಾಟರಿಯೂ ಬಾಳುತ್ತದೆ. 2025ರಲ್ಲಿ ಫ್ರೇಮ್‌ವರ್ಕಿನವರೇ ತಂದ ಡೆಸ್ಕ್‌ಟಾಪಿನಲ್ಲಿ ರ‍್ಯಾಮ್ ಬೆಸುಗೆಯದೇ. ಮ್ಯಾಕ್‌ಬುಕ್ ಏರನ್ನು ನಾನು ಬಿಟ್ಟದ್ದಕ್ಕೆ ಕಾರಣ ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ. ಅದಕ್ಕೆ ವಿಂಡೋಸ್ ಬೇಕು.

ಕೊನೆಗೆ ತೀರ್ಮಾನ ಮಾಡಿಸಿದ್ದು ಲ್ಯಾಮಿಂಗ್ಟನ್ ರಸ್ತೆ. ಸರ್ಕಾರಿ ಫಲಕದಲ್ಲಿ ಅದು ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ. ಆ ಹೆಸರು ಹೇಳಿ ದಾರಿ ಕೇಳಿದವರನ್ನು ನಾನು ಕಂಡಿಲ್ಲ. ಗ್ರಾಂಟ್ ರೋಡ್ ನಿಲ್ದಾಣದಿಂದ ನಡೆದೇ ಹೋಗಬಹುದು. ಸಾಮಾನ್ಯ ಕಂಪನಿಗಳ ಬ್ಯಾಟರಿ, ಎಸ್‌ಎಸ್‌ಡಿ, ಕೀಬೋರ್ಡ್, ಬಿಜಾಗರಿ, ಕೊನೆಗೆ ಕಳೆದುಹೋದ ರಬ್ಬರ್ ಕಾಲು ಕೂಡ ಸಂಜೆಯೊಳಗೆ ಅಲ್ಲಿ ಕೈಗೆ ಸಿಗುತ್ತದೆ. ಫ್ರೇಮ್‌ವರ್ಕಿನ ಬಿಡಿಭಾಗ ಇದೆಯೇ ಎಂದು ಕೇಳಿದೆ. ಅಂಗಡಿಯವನು ಹೆಸರನ್ನು ಮತ್ತೊಮ್ಮೆ ಹೇಳಿಸಿ, ಪಕ್ಕದ ಅಂಗಡಿಯವನ ಮುಖ ನೋಡಿದ. ಕಂಪನಿ ಮಾರುವ ದೇಶಗಳ ಪಟ್ಟಿಯಲ್ಲಿ, ನಾನು ನೋಡಿದಾಗ, ಭಾರತ ಇರಲಿಲ್ಲ. ಅಂದರೆ 19ರ ರಾತ್ರಿ ಕೀಬೋರ್ಡ್ ಕೆಟ್ಟರೆ ನಾನೇ ಐದು ನಿಮಿಷದಲ್ಲಿ ಬಿಚ್ಚಬಲ್ಲೆ, ಹೊಸದನ್ನು ಕೂರಿಸಲು ಮಾತ್ರ ಅಕ್ಕನ ಮಗಳು ಮ್ಯೂನಿಕ್‌ನಿಂದ ಬರಬೇಕು.

14 ಇಂಚಿನ, ಕಚೇರಿಗಳಿಗೆಂದು ಮಾಡಿದ ಒಂದು ಸಾದಾ ಲ್ಯಾಪ್‌ಟಾಪ್ ಕೊಂಡೆ. ಹಣ ಕೊಡುವ ಮೊದಲು ಕಂಪನಿಯ ಜಾಲತಾಣದಿಂದ ಅದರ ಸರ್ವಿಸ್ ಕೈಪಿಡಿ ಇಳಿಸಿಕೊಂಡು ಚಿತ್ರಗಳನ್ನು ನೋಡಿದೆ. ಕೊಳ್ಳುವವರು ಯಾರೇ ಆಗಲಿ ಇದೊಂದನ್ನು ಮಾಡಬೇಕು. ದೊಡ್ಡ ಕಂಪನಿಗಳ ಕಚೇರಿ ಮಾದರಿಗಳಿಗೆ ಈ ಕೈಪಿಡಿ ಪುಕ್ಕಟೆಯಾಗಿ ಸಿಗುತ್ತದೆ. ಬ್ಯಾಟರಿ ಸ್ಕ್ರೂಗಳ ಮೇಲೆ ನಿಂತಿದೆ, ರ‍್ಯಾಮಿಗೆ ಒಂದು ಖಾಲಿ ಸ್ಲಾಟ್ ಇದೆ, ಟೋಕನ್ ಚುಚ್ಚಲು ಅಗಲದ ಯುಎಸ್‌ಬಿ ಎರಡಿವೆ. ನೋಡಲು ಚೆಲುವೇನೂ ಇಲ್ಲ. ಅಂಕಿಗಳ ಕೀಪ್ಯಾಡನ್ನು ಬೇರೆಯಾಗಿ ಕೊಂಡು ಡಬ್ಬಿಯ ಪಕ್ಕಕ್ಕೆ ತುರುಕಿಕೊಳ್ಳುತ್ತೇನೆ.

ಅಕ್ಕನ ಮಗಳಿಗೆ ಇನ್ನೂ ಸಿಟ್ಟಿದೆ. ಖಾಲಿ ಸ್ಲಾಟಿಗೆ 8 ಜಿಬಿ ರ‍್ಯಾಮ್ ಹಾಕಿಸಲು ಮತ್ತೆ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿದ್ದೆ. ಅಂಗಡಿಯವನು ಹೇಳಿದ ಬೆಲೆಗೆ ನಾನು ಒಪ್ಪಲಿಲ್ಲ, ಅವನೂ ಇಳಿಯಲಿಲ್ಲ. ಈ ತಿಂಗಳ 3ಬಿ ಮುಗಿಯಲಿ, ಎದುರಿನ ಅಂಗಡಿಯಲ್ಲಿ ಕೇಳುತ್ತೇನೆ.