‘ಓದಿಯೂ’ ಎಂಬ ಪದದ ಕೊನೆಯ ‘ಊ’

“ಕನ್ನಡ ಮೀಡಿಯಂ ಓದಿಯೂ ಐಇಎಲ್‌ಟಿಎಸ್ ಲಿಸನಿಂಗ್‌ನಲ್ಲಿ ನಿಂಗೆ ಎಂಟು ಹೆಂಗೆ ಬಂತು? ಯಾವ ಆ್ಯಪ್ ಹಾಕ್ಕೊಂಡಿದ್ದೆ?”

ಊರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ಫೋನಿನಲ್ಲಿ ಕೇಳುತ್ತಾರೆ, ವಾಟ್ಸಾಪಿನಲ್ಲಿ ಕೇಳುತ್ತಾರೆ. ಒಬ್ಬರಂತೂ ನಮ್ಮಜ್ಜಿಯ ತಿಥಿಯ ದಿನ ಕೈ ತೊಳೆಯುವ ನಲ್ಲಿಯ ಹತ್ತಿರ ಅಡ್ಡ ಹಾಕಿ ಕೇಳಿದರು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಟ್ಟಿದ್ದೇನೆ, ಬೇಕಾದವರು ಓದಿಕೊಳ್ಳಿ. ಆ್ಯಪ್ ಯಾವುದೂ ಇಲ್ಲ. ಅಷ್ಟೇ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು.

ಐಇಎಲ್‌ಟಿಎಸ್ ಗೊತ್ತಿಲ್ಲದವರಿಗೆ ಎರಡು ಮಾತು. ಹೊರದೇಶದ ಕಾಲೇಜು ನಮ್ಮಂಥವರನ್ನು ಸೇರಿಸಿಕೊಳ್ಳುವ ಮೊದಲು ಇಂಗ್ಲಿಷ್ ಬರುತ್ತದೋ ಇಲ್ಲವೋ ನೋಡುವ ಪರೀಕ್ಷೆ ಇದು. ಅದರಲ್ಲಿ ಕೇಳಿಸಿಕೊಳ್ಳುವ ಭಾಗ ಒಂದಿದೆ: 4 ತುಣುಕು, 40 ಪ್ರಶ್ನೆ, ಸುಮಾರು 30 ನಿಮಿಷ. ಮೊದಲ ತುಣುಕಿನಲ್ಲಿ ಇಬ್ಬರು ದಿನಬಳಕೆಯ ವಿಷಯ ಮಾತಾಡುತ್ತಾರೆ, ಕೊನೆಯದರಲ್ಲಿ ಒಬ್ಬರೇ ಕಾಲೇಜಿನ ಪಾಠ ಮಾಡುತ್ತಾರೆ. ಎಲ್ಲವನ್ನೂ ಒಂದೇ ಸಲ ಕೇಳಿಸುತ್ತಾರೆ. ಸ್ಪೆಲಿಂಗ್ ತಪ್ಪಿದರೆ ಅಂಕ ಹೋಯಿತು. ‘ಎರಡು ಪದ ಮೀರಬಾರದು’ ಅಂದ ಕಡೆ ಮೂರು ಬರೆದರೂ ಹೋಯಿತು. 40ಕ್ಕೆ ಸುಮಾರು 23 ಸರಿಯಿದ್ದರೆ 9ಕ್ಕೆ 6, 30 ಸರಿಯಿದ್ದರೆ 7, 35 ಸರಿಯಿದ್ದರೆ 8. 2019ರಲ್ಲಿ ಮೊದಲ ಸಲ ಬರೆದಾಗ ನನಗೆ ಬಂದದ್ದು 5.5. ಅದು ಹೆಂಗೆ ಬಂತು ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ.

ಆ್ಯಪ್ ಕೇಳುವುದಕ್ಕೆ ನನಗೆ ಬೇಜಾರಿಲ್ಲ. ಮೈ ಉರಿಯುವುದು ‘ಓದಿಯೂ’ ಪದದ ಕೊನೆಯಲ್ಲಿ ಬಾಲ ಆಡಿಸುವ ಆ ‘ಊ’ ಕೇಳಿದಾಗ. ‘ಓದಿ’ ಅಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು? ‘ಜ್ವರ ಬಂದೂ ಪರೀಕ್ಷೆ ಬರೆದಳು’ ಅನ್ನುವಾಗ ಬರುತ್ತದಲ್ಲ, ಅದೇ ಊ. ಇವರ ಲೆಕ್ಕದಲ್ಲಿ ನನ್ನ ಹತ್ತು ವರ್ಷದ ಕನ್ನಡ ಶಾಲೆ ಹತ್ತು ವರ್ಷದ ಜ್ವರ.

ಹೋದ ಮೇ ತಿಂಗಳಲ್ಲಿ ತಿಪಟೂರಿನಲ್ಲಿ ಚಿಕ್ಕಮ್ಮನ ಮಗಳ ಮದುವೆ. ಎರಡನೇ ಪಂಕ್ತಿಗೆ ಕೂತಿದ್ದೆ. ಪಕ್ಕದಲ್ಲಿ ದೂರದ ಸಂಬಂಧದ ಮಾವ, ಅವರಾಚೆ ಅವರ ಮಗ. ಎಂಜಿನಿಯರಿಂಗ್ ಕೊನೆ ವರ್ಷದ ಹುಡುಗ, ಒಂದು ಕಿವಿಯಲ್ಲಿ ಇಯರ್‌ಬಡ್. ಹೋಳಿಗೆಗೆ ತುಪ್ಪ ಬರುವ ಹೊತ್ತಿಗೆ ಸರಿಯಾಗಿ ಮಾವ ನನ್ನ ಕಡೆ ತಿರುಗಿದರು.

“ಅಲ್ಲ ಕಣಮ್ಮಾ, ನಮ್ಮ ಹುಡುಗ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಲಿಸನಿಂಗ್‌ನಲ್ಲಿ ಆರೇ ಬಂದೈತೆ. ನೀನು ಕನ್ನಡ ಮೀಡಿಯಂ ಓದಿಯೂ…”

ನಾನು ಅವರ ಮುಖ ನೋಡುವಷ್ಟರಲ್ಲಿ ತುಪ್ಪದವನು ನನ್ನೆಲೆ ದಾಟಿ ಹೋಗಿದ್ದ.

“ಮಾವ, ಅಭ್ಯಾಸ ಏನು ಮಾಡ್ತಾನೆ?”

“ದಿನಾ ಇಂಗ್ಲಿಷ್ ಪಿಚ್ಚರ್ ನೋಡ್ತಾನೆ. ರಾತ್ರಿ ಎರಡರ ತನಕ.”

“ಸಬ್‌ಟೈಟಲ್ ಹಾಕ್ಕೊಂಡಾ?”

ಹುಡುಗ ಇಯರ್‌ಬಡ್ ಕಿತ್ತ. “ಅದಿಲ್ದೆ ಹೆಂಗಕ್ಕಾ ಅರ್ಥ ಆಗುತ್ತೆ?”

“ಹಾಗಿದ್ರೆ ನೀನು ರೀಡಿಂಗ್ ಪ್ರಾಕ್ಟೀಸ್ ಮಾಡ್ತಿದ್ದೀಯ ಕಣೋ. ಅದನ್ನ ರಾತ್ರಿ ಎರಡರ ತನಕ ಯಾಕೆ ಮಾಡ್ತೀಯ, ಹಗಲೇ ಮಾಡು.”

ಜೋರಾಗಿಯೇ ಅಂದೆನಂತೆ. ಆಮೇಲೆ ಅಮ್ಮ ಕೋಣೆಯಲ್ಲಿ ಬೈದಳು. ಅವನು ಕೆಟ್ಟ ಹುಡುಗನೇನಲ್ಲ, ನನಗಿಂತ ಸರಾಗವಾಗಿ ಇಂಗ್ಲಿಷ್ ಮಾತಾಡುತ್ತಾನೆ. ಆದರೆ ಮೊದಲ ಸಲ ಪರೀಕ್ಷೆಗೆ ತಯಾರಾಗುವಾಗ ನಾನೂ ಅವನ ಹಾಗೆಯೇ ಎಡವಿದ್ದರಿಂದ ಸಿಟ್ಟು ತಡೆಯಲಾಗಲಿಲ್ಲ ಅನ್ನಿಸುತ್ತದೆ.

ಬೆಂಗಳೂರಿನಲ್ಲಿ ಒಂದು ಕೋಚಿಂಗ್ ಸೆಂಟರಿಗೆ ಸೇರಿದ್ದೆ. ಅಲ್ಲಿ ದಿನಕ್ಕೆ ಮೂರು ಪರೀಕ್ಷೆ ಕೇಳಿಸುತ್ತಿದ್ದರು. ಉತ್ತರ ಓದಿ ಹೇಳುತ್ತಿದ್ದರು, ನಾವು ಸರಿ ತಪ್ಪು ಹಾಕಿಕೊಂಡು ಅಂಕ ಕೂಗುತ್ತಿದ್ದೆವು, ಮತ್ತೆ ಮುಂದಿನ ಪರೀಕ್ಷೆ. ಒಂದೂವರೆ ತಿಂಗಳು ದಿನಾ 19, 21, 20. ತೂಕದ ಮೆಷಿನ್ ಮೇಲೆ ದಿನಕ್ಕೆ ಮೂರು ಸಲ ಹತ್ತಿ ಇಳಿದರೆ ಸಣ್ಣಗಾಗುವುದಿಲ್ಲ ಅಂತ ನಮಗ್ಯಾರಿಗೂ ಹೊಳೆಯಲಿಲ್ಲ. ಹದಿಮೂರು ಸಾವಿರ ಚಿಲ್ಲರೆ ಶುಲ್ಕ ಕಟ್ಟಿ ನಿಜವಾದ ಪರೀಕ್ಷೆಗೆ ಕೂತೆ. ಎರಡನೇ ತುಣುಕಿನಲ್ಲಿ 14ನೇ ಪ್ರಶ್ನೆ ತಪ್ಪಿಸಿಕೊಂಡಿತು. ಅದೇನಿರಬಹುದು ಅಂತ ಯೋಚಿಸುತ್ತಾ ಕೂತವಳಿಗೆ ಎಚ್ಚರವಾದಾಗ ಟೇಪಿನ ಹೆಂಗಸು 18ಕ್ಕೆ ಬಂದಿದ್ದಳು. ಬಸ್ಸಿನಿಂದ ಚಪ್ಪಲಿ ಬಿತ್ತೆಂದು ಬಸ್ಸಿನಿಂದಲೇ ಹಾರಿದ ಹಾಗೆ. ಮಾರ್ಕ್ಸ್ ಕಾರ್ಡಿನಲ್ಲಿ 5.5 ಅಂತ ಮಾತ್ರ ಇತ್ತು. ಏನು ಕೇಳಿಸಲಿಲ್ಲ ಅನ್ನುವುದು ಅದರಲ್ಲಿ ಇರುವುದಿಲ್ಲ.

ಎರಡನೇ ಸಲಕ್ಕೆ ಮನೆಯಲ್ಲೇ ಕೂತೆ. ಕೇಂಬ್ರಿಜ್‌ನವರ ಹಳೆ ಪರೀಕ್ಷೆಗಳ ಪುಸ್ತಕ, ಅದರ ಧ್ವನಿ, ಒಂದು ಇನ್ನೂರು ಪುಟದ ನೋಟ್‌ಬುಕ್. ಪುಸ್ತಕದ ಹಿಂಬದಿಯಲ್ಲಿ ಆ ಮಾತುಕತೆಯೆಲ್ಲ ಅಚ್ಚಾಗಿರುತ್ತದೆ. ಅದನ್ನು ಮೊದಲೇ ತೆರೆಯಬಾರದು. ದಿನಕ್ಕೆ ಎರಡೇ ನಿಮಿಷದ ಧ್ವನಿ. ಒಂದು ವಾಕ್ಯ ಕೇಳುವುದು, ನಿಲ್ಲಿಸುವುದು, ಬರೆಯುವುದು. ಶಾಲೆಯಲ್ಲಿ ಉಕ್ತಲೇಖನ ಬರೆಯುತ್ತಿದ್ದೆವಲ್ಲ, ಅದೇ. ಗೊತ್ತಾಗದ ಕಡೆ ಊಹಿಸಿ ಇಂಗ್ಲಿಷ್ ಬರೆಯುತ್ತಿರಲಿಲ್ಲ. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೆ. ಆಮೇಲೆ ಹಿಂಬದಿ ನೋಡಿ ಪಕ್ಕದಲ್ಲಿ ನಿಜವಾದ ಮಾತು. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ‘ಕೇಳಿಸಿದ್ದು’, ಬಲಕ್ಕೆ ‘ಇದ್ದದ್ದು’.

ಆ ನೋಟ್‌ಬುಕ್ ಈಗಲೂ ಇದೆ. ಎಡಕ್ಕೆ ‘ಅಕಪಟೀ’. ಯಾವುದೋ ಕಪಟಿಯ ಸುದ್ದಿ ಅಂದುಕೊಂಡಿದ್ದೆ. ಬಲಕ್ಕೆ ‘ಎ ಕಪ್ ಆಫ್ ಟೀ’. ಎಡಕ್ಕೆ ‘ಫಿಲಿಟಿನ್’, ಔಷಧಿಯ ಹೆಸರಿನ ಹಾಗಿದೆ. ಬಲಕ್ಕೆ ‘ಫಿಲ್ ಇಟ್ ಇನ್’. ಇನ್ನೊಂದು ಪುಟದಲ್ಲಿ ಆಸ್ಟ್ರೇಲಿಯಾದವನೊಬ್ಬ ತನ್ನ ಹೆಸರನ್ನು ಅಕ್ಷರ ಬಿಡಿಸಿ ಹೇಳಿದ್ದಾನೆ, ನಾನು ‘ಎ’ ಇರುವ ಕಡೆಯಲ್ಲೆಲ್ಲ ‘ಐ’ ಬರೆದಿದ್ದೇನೆ. ಅವರ ಬಾಯಲ್ಲಿ ಏ ಅನ್ನುವುದು ಐ ಕಡೆ ವಾಲುತ್ತದೆ, ‘ಡೇ’ ಹೆಚ್ಚುಕಮ್ಮಿ ‘ಡೈ’. ಇದು ಒಮ್ಮೆ ಗೊತ್ತಾದ ಮೇಲೆ ಮತ್ತೆ ತಪ್ಪಲಿಲ್ಲ. ಬರೀ 19, 21, 20 ಅಂತ ಕೂಗುತ್ತಿದ್ದಾಗ ಇದು ಹೇಗೆ ಗೊತ್ತಾಗಬೇಕು?

ಮೂರನೇ ವಾರ ನೋಟ್‌ಬುಕ್ ತಿರುವಿ ಹಾಕುವಾಗ ತಪ್ಪುಗಳೆಲ್ಲ ಎಲ್ಲೋ ನೋಡಿದ ಮುಖದ ಹಾಗೆ ಕಂಡವು. ‘ನೆಕ್ಸ್ಟ್ ಡೇ’ ನನಗೆ ‘ನೆಕ್ಸ್‌ಡೇ’ ಆಗಿತ್ತು. ‘ಗೋ ಆನ್’ ಗೋವಾನ್ ಆಗಿತ್ತು. ‘ಟೆನ್ ಪೌಂಡ್ಸ್’ ಟೆಂಪೌಂಡ್ಸ್ ಆಗಿತ್ತು. ಎಂಟನೇ ಕ್ಲಾಸಿನಲ್ಲಿ ಮೇಜಿನ ಮೇಲೆ ಬೆತ್ತ ಕುಟ್ಟುತ್ತಾ ಕನ್ನಡ ಮೇಷ್ಟ್ರು ಸಂಧಿ ಹೇಳಿಸುತ್ತಿದ್ದರು: ಮಾತು ಇಲ್ಲ, ಮಾತಿಲ್ಲ, ಲೋಪ. ಗುರು ಅನ್ನು, ಗುರುವನ್ನು, ಆಗಮ. ಮಳೆ ಕಾಲ, ಮಳೆಗಾಲ, ಆದೇಶ. ಟೇಪಿನ ಇಂಗ್ಲಿಷಿನವರು ಮಾಡುತ್ತಿದ್ದದ್ದೂ ಅದನ್ನೇ! ಒಂದು ಕಡೆ ಅಕ್ಷರ ನುಂಗುತ್ತಾರೆ, ಒಂದು ಕಡೆ ನಡುವೆ ವಕಾರ ತರುತ್ತಾರೆ, ಒಂದು ಕಡೆ ನಕಾರ ಎಬ್ಬಿಸಿ ಮಕಾರ ಕೂರಿಸುತ್ತಾರೆ. ಮೇಷ್ಟ್ರು ಪೂರ್ತಿ ಒಪ್ಪಲಿಕ್ಕಿಲ್ಲ. ನಮ್ಮಲ್ಲಿ ಲೋಪವಾಗುವುದು ಸ್ವರ, ಇವರಲ್ಲಿ ವ್ಯಂಜನವೂ ಹಾರಿ ಹೋಗುತ್ತದೆ. ‘ಲಾ ಅಂಡ್ ಆರ್ಡರ್’ ಅನ್ನುವಾಗ ಅನೇಕ ಇಂಗ್ಲಿಷರು ನಡುವೆ ಇಲ್ಲದ ರಕಾರವೊಂದನ್ನು ಸೇರಿಸಿ ‘ಲಾರಂಡ್’ ಅನ್ನುತ್ತಾರೆ. ನಮಗೆ ಯಕಾರ, ವಕಾರ ಎರಡೇ ಆಗಮ, ಇವರಿಗೆ ರಕಾರಾಗಮವೂ ಉಂಟು.

ಪದದ ಕೊನೆ ನನಗೆ ಯಾಕೆ ಕೇಳಿಸುತ್ತಿರಲಿಲ್ಲ ಅನ್ನುವುದೂ ಆಗಲೇ ತಿಳಿದದ್ದು. ನಾವು ಯಾವ ಪದವನ್ನೂ ವ್ಯಂಜನದಲ್ಲಿ ನಿಲ್ಲಿಸುವವರಲ್ಲ. ಬಸ್ ಬಂದರೆ ಬಸ್ಸು ಮಾಡುತ್ತೇವೆ, ಪೆನ್ ಬಂದರೆ ಪೆನ್ನು, ಬ್ಯಾಂಕ್ ಬಂದರೆ ಬ್ಯಾಂಕು. ಮನೆಗೆ ಬಂದವರನ್ನು ಒಂದು ಲೋಟ ಕಾಫಿ ಕೊಡದೆ ಕಳಿಸದ ಹಾಗೆ, ಬಂದ ಪದಕ್ಕೆಲ್ಲ ಒಂದು ಉಕಾರ ಕೊಟ್ಟು ಕಳಿಸುತ್ತೇವೆ. ಅವರೋ ಕೊನೆಯ ‘ಟ್’ ಅನ್ನೇ ಗಂಟಲಲ್ಲಿ ಹಿಡಿದುಬಿಡುತ್ತಾರೆ. ಬಹುವಚನದ ‘ಸ್’ ಉಸಿರಿನಷ್ಟು ತೆಳ್ಳಗೆ ಬರುತ್ತದೆ, ಅದನ್ನು ಬರೆಯದಿದ್ದರೆ ಉತ್ತರ ತಪ್ಪು. ನನ್ನ ಕಿವಿ ಉಕಾರಕ್ಕೆ ಕಾದು ಕೂತಿತ್ತು, ಅದು ಬಾರದೇ ಇದ್ದಾಗ ಪದ ಮುಗಿದದ್ದೇ ಗೊತ್ತಾಗುತ್ತಿರಲಿಲ್ಲ.

ಹಾಗಾಗಿ, ಯಾರಾದರೂ ಒಮ್ಮೆಯಾದರೂ ನನ್ನನ್ನು ‘ಕನ್ನಡ ಮೀಡಿಯಂ ಓದಿದ್ದರಿಂದ ಏನು ಸಿಕ್ಕಿತು?’ ಅಂತ ಕೇಳಲಿ ಅಂತ ಕಾಯುತ್ತಿದ್ದೇನೆ. ಕೇಳಿದರೆ ಸುಳ್ಳು ಹೇಳುವುದಿಲ್ಲ. ಎಂಜಿನಿಯರಿಂಗ್ ಮೊದಲ ಸೆಮಿಸ್ಟರಿನಲ್ಲಿ ಪಾಠ ಅರ್ಥವಾಗದೆ ಹಾಸ್ಟೆಲ್ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ. ಕನ್ನಡ ಶಾಲೆ ಇಂಗ್ಲಿಷ್ ಕಲಿಸಿತು ಅಂತ ಭಾಷಣ ಮಾಡಲಾರೆ. ಅದು ಕೊಟ್ಟದ್ದು ಎರಡು: ಹೆಚ್ಚುಕಮ್ಮಿ ಯಾವ ಸದ್ದನ್ನಾದರೂ ಹಿಡಿದು ಕೂರಿಸಬಹುದಾದ ಅಕ್ಷರಮಾಲೆ, ಎರಡು ಮಾತು ಕೂಡಿದಾಗ ನಡುವೆ ಏನೋ ಆಗುತ್ತದೆ ಅನ್ನುವ ತಿಳಿವಳಿಕೆ. ಇಂಗ್ಲಿಷ್ ಲಿಪಿಯಲ್ಲಿ ‘ಅಕಪಟೀ’ ಬರೆಯಲು ಹೋಗಿದ್ದರೆ ಪೆನ್ನು ತಾನಾಗಿ ಗೊತ್ತಿರುವ ಸ್ಪೆಲಿಂಗ್ ಕಡೆ ಜಾರಿಬಿಡುತ್ತಿತ್ತು, ತಪ್ಪು ಮುಚ್ಚಿಹೋಗುತ್ತಿತ್ತು. ಮಾವನ ಮಗನಿಗೂ ಕನ್ನಡ ಬರೆಯಲು ಬರುತ್ತದೆ. ನಿಧಾನ, ಒತ್ತಕ್ಷರ ತಪ್ಪುತ್ತಾನೆ, ಆದರೆ ಬರುತ್ತದೆ.

ಎಂಟು ಬಂದ ಮೇಲೆ ಎಲ್ಲ ಕೇಳಿಸಿತಾ ಅಂದರೆ, ಇಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋದ ಎರಡನೇ ದಿನ ಅಕ್ಕಿ, ಮೊಸರು, ಹಸಿಮೆಣಸಿನಕಾಯಿ ಹಿಡಿದು ಅಂಗಡಿಯ ಕೌಂಟರಿನಲ್ಲಿ ನಿಂತಿದ್ದೆ. ಹುಡುಗ ತಲೆ ಎತ್ತದೆ “ಜಾವಾನಬ್ಯಾಗ್?” ಅಂದ. ನಾನು ಜಾವಾದಲ್ಲಿ ಪ್ರೋಗ್ರಾಂ ಬರೆಯುವವಳು. ಇವನಿಗೆ ಹೇಗೆ ಗೊತ್ತಾಯಿತು ಅಂತ ಒಂದು ಗಳಿಗೆ ಬೆರಗಾಗಿ ನಿಂತೆ. ಅವನು ಮತ್ತೆ ಅದನ್ನೇ ಅಂದ. ಮನಸ್ಸಿನಲ್ಲಿ ಗೆರೆ ಎಳೆದು ಎಡಕ್ಕೆ ಬರೆದುಕೊಂಡೆ. ಮೂರನೇ ಸಲ ಅವನು ಬ್ಯಾಗನ್ನೇ ಎತ್ತಿ ತೋರಿಸಿದ. ‘ಡು ಯು ವಾಂಟ್ ಎ ಬ್ಯಾಗ್’. ಪರೀಕ್ಷೆಯ ಟೇಪಿನವರು ಎಷ್ಟು ಒಳ್ಳೆಯವರು ಅಂತ ಅವತ್ತು ಗೊತ್ತಾಯಿತು.

ಮದುವೆ ಮುಗಿಸಿ ಬಂದ ಹತ್ತು ದಿನಕ್ಕೆ ಮಾವನ ಮಗ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ. ರೂಲ್ ಪುಸ್ತಕದ ಹಾಳೆ, ನಡುವೆ ಸೊಟ್ಟ ಗೆರೆ. ಎಡಗಡೆ ಕಾಗೆ ಕಾಲು ಗುಬ್ಬಿ ಕಾಲಿನ ಅಕ್ಷರದಲ್ಲಿ ‘ಶುಡಬಿನ್’. ಬಲಗಡೆ ಖಾಲಿ. ಕೆಳಗೆ, “ಅಕ್ಕಾ, ಇದೇನು?”

“ಎಷ್ಟು ಸಲ ಕೇಳಿದೆ?” ಅಂದೆ.

“ಹನ್ನೊಂದು.”

“ಇನ್ನೂ ಎರಡು ಸಲ ಕೇಳು. ಆಮೇಲೆ ಪುಸ್ತಕದ ಹಿಂದೆ ನೋಡು.”

ಕಾಲು ಗಂಟೆಯ ನಂತರ ಅದೇ ಫೋಟೊ ಮತ್ತೆ ಬಂತು. ಬಲಗಡೆ ‘ಶುಡ್ ಹ್ಯಾವ್ ಬೀನ್’, ಅದರ ಪಕ್ಕ ಒಂದು ಬೈಗುಳ. ಸಂಜೆ ಮಾವನ ಫೋನು ಬಂತು. ಹುಡುಗ ಸಿನಿಮಾ ನೋಡುವುದು ಬಿಟ್ಟು ಏನೇನೋ ಗೀಚುತ್ತಾ ಕೂತಿದ್ದಾನಂತೆ, ನಾನು ಅವನಿಗೆ ಯಾವ ಆ್ಯಪ್ ಹೇಳಿಕೊಟ್ಟಿದ್ದೇನೆ ಅಂತ ಅವರಿಗೆ ತಿಳಿಯಬೇಕಂತೆ.